ನೋವು ರಾತ್ರಿ ಮೂರಕ್ಕೆ, ತಪಾಸಣೆ ಸಂಜೆ ಐದಕ್ಕೆ

ನನಗೆ ಬೆನ್ನುನೋವು ಶುರುವಾದಾಗ 24 ವರ್ಷ. ಅದಕ್ಕೆ ಸರಿಯಾದ ಹೆಸರು ಸಿಕ್ಕಾಗ 31: ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಗೆ ಬರುವ ಉರಿಯೂತದ ಸಂಧಿವಾತ. ನಡುವಿನ ಏಳು ವರ್ಷ ಹೇಗೆ ಕಳೆದುಹೋಯಿತು ಅಂತ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿನವರು ಯಾರಾದರೂ ದಿನಾ ಬೆಳಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ. ನಾನು ಡಾಕ್ಟರ್ ಅಲ್ಲ, ರೋಗಿ ಅಷ್ಟೆ.

ಮೊದಲು ನೋವು ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಇಡೀ ಕಥೆ ಇರುವುದೇ ಅಲ್ಲಿ. ನಾನು ಎಲ್ಲೂ ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಯಾವತ್ತು ಶುರುವಾಯಿತು ಅಂತ ಕೇಳಿದರೆ ದಿನ ಹೇಳಲು ಬರುವುದಿಲ್ಲ, ಮೆಲ್ಲಗೆ ಬಂದು ಸೇರಿಕೊಂಡಿತ್ತು. ರಾತ್ರಿ ಮೂರಕ್ಕೆ ಎಚ್ಚರ. ಮಗ್ಗುಲು ಬದಲಿಸಬೇಕು ಅಂದರೆ ಮಂಚದ ಅಂಚು ಹಿಡಿದು, ಉಸಿರು ಬಿಗಿಹಿಡಿದು, ಇಡೀ ಮೈಯನ್ನು ದಿಮ್ಮಿಯ ಹಾಗೆ ಒಟ್ಟಿಗೆ ಉರುಳಿಸಬೇಕು. ನೋವು ಇದ್ದದ್ದು ಸೊಂಟಕ್ಕಿಂತ ಕೆಳಗೆ, ಪಿರ್ರೆಯ ಒಳಗೆಲ್ಲೋ. ಈ ವಾರ ಬಲಗಡೆ, ಮುಂದಿನ ವಾರ ಎಡಗಡೆ. ಎದ್ದು ಕತ್ತಲಲ್ಲೇ ಮನೆಯೊಳಗೆ ಇಪ್ಪತ್ತು ಸುತ್ತು ಹಾಕಿದರೆ ಕಮ್ಮಿಯಾಗುತ್ತಿತ್ತು. ಬೆಳಗ್ಗೆ ಎದ್ದರೆ ಬೆನ್ನು ಮತ್ತೆ ಸೆಟೆದುಕೊಂಡಿರುತ್ತಿತ್ತು. ಬಗ್ಗಿದರೆ ಪಾದ ಕೈಗೆ ಸಿಗುತ್ತಿರಲಿಲ್ಲ. ಸಾಕ್ಸನ್ನು ನೆಲದ ಮೇಲೆ ಬಾಯಿ ತೆರೆದಿಟ್ಟು, ನಿಂತಲ್ಲಿಂದಲೇ ಅದರೊಳಗೆ ಕಾಲ್ಬೆರಳು ತೂರಿಸುವುದನ್ನು ಕಲಿತುಕೊಂಡಿದ್ದೆ. ಹತ್ತು ಗಂಟೆ ಹೊತ್ತಿಗೆ ಮೈ ಸಡಿಲವಾಗುತ್ತಿತ್ತು. ಸಂಜೆಗೆ ನಾನೂ ಎಲ್ಲರ ಹಾಗೆಯೇ.

ಡಾಕ್ಟರ್ ಹತ್ತಿರ ಹೋಗುತ್ತಿದ್ದದ್ದು ಕೆಲಸ ಮುಗಿದ ಮೇಲೆ. ಅಂದರೆ ಸಂಜೆ ಐದು, ಆರು. ದಾರಿಯಲ್ಲಿ ಕೂರಲು ಕಷ್ಟ ಆಗದಿರಲಿ ಅಂತ ಮೊದಲೇ ಒಂದು ನೋವಿನ ಮಾತ್ರೆ ನುಂಗಿರುತ್ತಿದ್ದೆ! ಬಗ್ಗಿ ಅಂದರೆ ಅಷ್ಟೋ ಇಷ್ಟೋ ಬಗ್ಗುತ್ತಿದ್ದೆ. ಮಲಗಿ ಕಾಲು ಎತ್ತಿ ಅಂದರೆ ಎತ್ತುತ್ತಿದ್ದೆ. "ಏನೂ ಇಲ್ವಲ್ಲಮ್ಮ" ಅನ್ನುತ್ತಿದ್ದರು. ಏಳು ವರ್ಷದಲ್ಲಿ ಐದು ಮಂದಿ ನೋಡಿದರು. ಬೆಳಗ್ಗೆಯ ನನ್ನನ್ನು ಒಬ್ಬರೂ ನೋಡಿರಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ. ಬೆನ್ನುನೋವು ಅಂದುಬಿಟ್ಟು ಸುಮ್ಮನಾಗುತ್ತಿದ್ದೆ. ಯಾವ ಹೊತ್ತಿಗೆ ಜಾಸ್ತಿ, ಮಲಗಿದರೆ ಕಮ್ಮಿಯಾ, ನಡೆದರೆ ಕಮ್ಮಿಯಾ ಅಂತ ಅವರು ಕೇಳಲಿಲ್ಲ, ಅದು ಹೇಳಬೇಕಾದ ಸಂಗತಿ ಅಂತ ನನಗೆ ಗೊತ್ತಿರಲಿಲ್ಲ.

ಮೊದಲ ದೊಡ್ಡ ಎಡವಟ್ಟು ಸೊಂಟದ ಎಂಆರ್‌ಐ. ಒಂದು ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ವರದಿ ಬಂತು. ಡಿಸ್ಕ್ ಉಬ್ಬಿರುವುದು ನೋವೇ ಇಲ್ಲದವರಲ್ಲೂ ಬೇಕಾದಷ್ಟು ಕಾಣುತ್ತದೆ. ಇದು ನನಗೆ ತಿಳಿದದ್ದು ವರ್ಷಗಳ ಮೇಲೆ. ಆಗ ಮಾತ್ರ ಎಲ್ಲರಿಗೂ ಸಮಾಧಾನ, ಕಾರಣ ಸಿಕ್ಕಿತಲ್ಲ. ಮೂರು ವಾರ ಅಲ್ಲಾಡದೆ ಮಲಗಿ ಅಂದರು. ನನ್ನ ಜೀವನದ ಅತಿ ಕೆಟ್ಟ ಮೂರು ವಾರ ಅದು. ಉಳುಕು, ಸವೆತದಿಂದ ಬರುವ ನೋವು ಸಾಮಾನ್ಯವಾಗಿ ಮಲಗಿದರೆ ಕಮ್ಮಿಯಾಗುತ್ತದೆ. ಉರಿಯೂತದ ನೋವು ಮಲಗಿದಷ್ಟೂ ಜಾಸ್ತಿಯಾಗುತ್ತದೆ, ಓಡಾಡಿದರೆ ಇಳಿಯುತ್ತದೆ. ಮಲಗಿ ನಾನು ಇನ್ನಷ್ಟು ಸೆಟೆದುಕೊಂಡೆ. ಸರಿಯಾಗಿ ವಿಶ್ರಾಂತಿ ತಗೊಂಡಿಲ್ಲ ಅಂತ ಬೈಸಿಕೊಂಡದ್ದೂ ನಾನೇ.

ಆಮೇಲೆ ರಕ್ತ ಪರೀಕ್ಷೆ. ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡುವ ಇಎಸ್‌ಆರ್, ಸಿಆರ್‌ಪಿ ಎರಡೂ ನಾರ್ಮಲ್. ಆರ್‌ಎ ಫ್ಯಾಕ್ಟರ್ ನೆಗೆಟಿವ್. "ಹಾಗಾದ್ರೆ ಸಂಧಿವಾತ ಅಲ್ಲ" ಅಂತ ಫೈಲ್ ಮುಚ್ಚಿದರು. ಈ ಮಾತಿಗೆ ಈಗಲೂ ನನಗೆ ಸಿಟ್ಟು ಬರುತ್ತದೆ. ಆರ್‌ಎ ಫ್ಯಾಕ್ಟರ್ ಕೈಬೆರಳ ಗಂಟುಗಳು ಊದಿಕೊಳ್ಳುವ ಬೇರೊಂದು ಸಂಧಿವಾತಕ್ಕೆ ನೋಡುವಂಥದ್ದು. ಬೆನ್ನುಮೂಳೆಯ ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ಸಿಆರ್‌ಪಿ ಕೂಡ ತುಂಬಾ ಜನರಲ್ಲಿ ನಾರ್ಮಲ್ ಇರುತ್ತದೆ. ಇನ್ನೊಬ್ಬರು ಹೆಸರನ್ನು ಸರಿಯಾಗಿಯೇ ಊಹಿಸಿದ್ದರು. ಆದರೆ ತಕ್ಷಣ ಅವರೇ "ಅದು ಗಂಡಸರಿಗೆ ಬರೋದು, ನಿಮಗೆ ಟೆನ್ಷನ್ ಇರಬೇಕು" ಅಂತ ಕೈಬಿಟ್ಟರು. ಎಕ್ಸ್‌ರೇಯಲ್ಲಿ ಇನ್ನೂ ಕಾಣದ ಹಂತದಲ್ಲಿ ಹೆಂಗಸರು, ಗಂಡಸರು ಹೆಚ್ಚುಕಮ್ಮಿ ಸಮ ಇರುತ್ತಾರೆ. ಹೆಂಗಸರಿಗೆ ಹೆಸರು ಸಿಗುವುದು ಮಾತ್ರ ಇನ್ನೂ ತಡ.

ಬೆನ್ನಿನ ಲಟಿಕೆ ತೆಗೆಯುವವರ ಹತ್ತಿರವೂ ಹೋಗಿಬಂದೆ. ಮೂಳೆ ಜಾರಿದೆ, ಕೂರಿಸುತ್ತೇನೆ ಅಂತ ಒಬ್ಬರು ಮಂಡಿ ಊರಿ ಒತ್ತಿದರು. ನನ್ನ ಪುಣ್ಯ, ಏನೂ ಆಗಲಿಲ್ಲ. ಈ ಕಾಯಿಲೆ ಮುಂದುವರಿದವರ ಬೆನ್ನುಮೂಳೆ ಒಂದಕ್ಕೊಂದು ಬೆಸೆದುಕೊಂಡು ಪೆಡಸಾಗಿರುತ್ತದೆ, ಸಣ್ಣ ಏಟಿಗೇ ಮುರಿಯಬಹುದು. ಕಾರಣ ಗೊತ್ತಿಲ್ಲದ ಬೆನ್ನನ್ನು ಯಾರ ಕೈಗೂ ಹಾಗೆ ಕೊಡಬೇಡಿ.

ದಾರಿ ತೋರಿಸಿದ್ದು ಕೊನೆಗೆ ಕಣ್ಣು. 28ರಲ್ಲಿ ಒಂದು ಕಣ್ಣು ಕೆಂಪಾಗಿ, ನೋವು ಶುರುವಾಗಿ, ಬೆಳಕು ನೋಡಲಾಗದ ಹಾಗೆ ಆಯಿತು. ಕಣ್ಣು ಬಂದಿದೆ ಅಂತ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿಕೊಂಡೆ. ಮರುವರ್ಷ ಇನ್ನೊಂದು ಕಣ್ಣು. ಮೂರನೇ ಸಲ ಅಕ್ಷರ ಮಂಜಾಗತೊಡಗಿದಾಗ ಕಣ್ಣಿನ ಡಾಕ್ಟರ್ ಹತ್ತಿರ ಓಡಿದೆ. ಅವರು ಯಂತ್ರದಿಂದ ಕಣ್ಣು ತೆಗೆಯದೆ ಒಂದು ಪ್ರಶ್ನೆ ಕೇಳಿದರು: "ಬೆಳಗ್ಗೆ ಬೆನ್ನು ಹಿಡಿದುಕೊಳ್ಳುತ್ತಾ?" ನಾನು ದಂಗಾದೆ. ಏಳು ವರ್ಷ ಬೆನ್ನಿನವರು ಕೇಳದ ಪ್ರಶ್ನೆ ಅದು. ಅದು ಯುವೆಯಿಟಿಸ್, ಕಣ್ಣಿನ ಒಳಗಿನ ಉರಿಯೂತ. ಈ ಬೆನ್ನಿನ ಕಾಯಿಲೆ ಇರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಯಾವಾಗಲಾದರೂ ಬರುತ್ತದಂತೆ. ಅಲ್ಲಿಂದ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞರ ಹತ್ತಿರ ಕಳಿಸಿದರು.

ಅಲ್ಲಿ ಮೊದಲ ಅರ್ಧ ಗಂಟೆ ಬರೀ ಮಾತು. ಹಿಮ್ಮಡಿ ನೋಯುತ್ತಾ? ಚರ್ಮದ ಮೇಲೆ ಸೋರಿಯಾಸಿಸ್ ಇದೆಯಾ? ಹೊಟ್ಟೆ ಪದೇ ಪದೇ ಕೆಡುತ್ತಾ? ಮನೆಯಲ್ಲಿ ಯಾರಿಗಾದರೂ ಹೀಗಿತ್ತಾ? ನೋವಿನ ಮಾತ್ರೆ ತಗೊಂಡರೆ ಒಂದೆರಡು ದಿನದಲ್ಲಿ ಚೆನ್ನಾಗಿ ಕಮ್ಮಿಯಾಗುತ್ತಾ? ಆಮೇಲೆ ಒಂದು ಪೆನ್ನು, ಒಂದು ಅಳತೆ ಟೇಪ್. ಸೊಂಟದ ಹಿಂದಿನ ಎರಡು ಗುಳಿಗಳ ಮಟ್ಟಕ್ಕೆ ಒಂದು ಗೆರೆ, ಅಲ್ಲಿಂದ ನೆಟ್ಟಗೆ 10 ಸೆಂ.ಮೀ. ಮೇಲೆ ಇನ್ನೊಂದು. ಮಂಡಿ ಮಡಿಸದೆ ಬಗ್ಗಿ ಅಂದರು. ಬಗ್ಗಿದಾಗ ಆ ಅಂತರ ಸುಮಾರು 15ರ ತನಕ ಹಿಗ್ಗಬೇಕಂತೆ. ನನ್ನದು 12.5ಕ್ಕೆ ನಿಂತಿತು. ಇದಕ್ಕೆ ಶೋಬರ್ ಪರೀಕ್ಷೆ ಅನ್ನುತ್ತಾರೆ. ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ ತಲೆಯ ಹಿಂಭಾಗ ಗೋಡೆಗೆ ಮುಟ್ಟುತ್ತಾ ಅಂತಲೂ ನೋಡಿದರು. ಮುಟ್ಟಿತು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಬಿಟ್ಟೆ.

ಹಳೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅವರು ಬೆರಳಿಟ್ಟದ್ದು ಕೆಳಗಿನ ಅಂಚಿನಲ್ಲಿ. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲು ಇರುವ ಜಾಗ ಅದು, ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದೇ ಅಲ್ಲಿ. ನನ್ನ ಫಿಲ್ಮಿನಲ್ಲಿ ಅದು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಎಂಆರ್‌ಐಯಲ್ಲೂ ಹಾಗೇ. ಇಷ್ಟು ವರ್ಷ ದುಡ್ಡು ಕೊಟ್ಟು ಪಕ್ಕದ ಮನೆಯ ಫೋಟೊ ತೆಗೆಸಿದ್ದೆ!

ಆ ಕೀಲಿಗೆಂದೇ ಬೇರೆ ಎಂಆರ್‌ಐ ಮಾಡಿಸಿದರು. ಅದರಲ್ಲಿ ಸ್ಟಿರ್ ಅನ್ನುವ ಸರಣಿ ಮುಖ್ಯ. ಅದು ಕೊಬ್ಬಿನ ಹೊಳಪನ್ನು ಅಡಗಿಸುತ್ತದೆ, ಮೂಳೆಯೊಳಗೆ ಉರಿಯೂತದಿಂದ ನೀರು ಸೇರಿದ್ದರೆ ಬೆಳ್ಳಗೆ ಕಾಣುತ್ತದೆ. ನನ್ನ ಎರಡೂ ಕಡೆ ಬೆಳ್ಳಗಿತ್ತು. ಎಕ್ಸ್‌ರೇಯಲ್ಲಿ ಹಾನಿ ಕಾಣಲು ವರ್ಷಗಟ್ಟಲೆ ಬೇಕು. ಈ ಕಾಯಿಲೆಯನ್ನು ಗುರುತಿಸುವ 1984ರ ಹಳೆಯ ಮಾನದಂಡ ಎಕ್ಸ್‌ರೇಯನ್ನೇ ನಂಬಿತ್ತು. ಎಂಆರ್‌ಐ ಲೆಕ್ಕಕ್ಕೆ ಬಂದದ್ದು 2009ರ ಮಾನದಂಡದಲ್ಲಿ. ಎಕ್ಸ್‌ರೇ ಚೆನ್ನಾಗಿದೆ, ಏನೂ ಇಲ್ಲ ಅಂತ ಈಗಲೂ ಯಾರಾದರೂ ಅಂದರೆ, ಎರಡನೇ ಅಭಿಪ್ರಾಯ ಕೇಳಲು ಸಂಕೋಚ ಬೇಡ.

ಉಲ್ಟಾ ತಪ್ಪೂ ಆಗುತ್ತದೆ, ಅದನ್ನೂ ಹೇಳಬೇಕು. ಜಾಸ್ತಿ ಓಡುವವರಲ್ಲಿ, ಹೊಸದಾಗಿ ಹೆರಿಗೆಯಾದವರಲ್ಲಿ ಆ ಕೀಲು ಕಾಯಿಲೆ ಇಲ್ಲದೆಯೂ ಬೆಳ್ಳಗೆ ಕಾಣಬಹುದು. ಬರೀ ಚಿತ್ರ ನೋಡಿ ಹಣೆಪಟ್ಟಿ ಕಟ್ಟುವವರೂ ಇದ್ದಾರೆ. ನನ್ನ ವಿಷಯ ತಿಳಿದ ಕೂಡಲೇ ನನ್ನ ತಮ್ಮ ತಾನೇ ಹೋಗಿ, ಈ ಕಾಯಿಲೆಯ ಜೊತೆ ನಂಟಿರುವ ಎಚ್‌ಎಲ್‌ಎ ಬಿ27 ಅನ್ನುವ ಜೀನ್‌ನ ಪರೀಕ್ಷೆ ಮಾಡಿಸಿಕೊಂಡ. ಪಾಸಿಟಿವ್ ಬಂತು. ಅವನಿಗೆ ಒಂದು ಚೂರೂ ನೋವಿರಲಿಲ್ಲ. ಆದರೂ ಒಂದು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಈ ಜೀನ್ ಇದೆ, ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಒಡಹುಟ್ಟಿದವರಿಗೆ ಸಾಧ್ಯತೆ ಜಾಸ್ತಿ, ನಿಜ. ಆದರೂ ಲಕ್ಷಣ ಇಲ್ಲದೆ ಸುಮ್ನೆ ಈ ಪರೀಕ್ಷೆ ಮಾಡಿಸಿದರೆ ಸಿಗುವುದು ಚಿಂತೆ ಮಾತ್ರ. ಬಿ27 ನೆಗೆಟಿವ್ ಇದ್ದು ಕಾಯಿಲೆ ಇರುವವರೂ ಇದ್ದಾರೆ.

ಇನ್ನು ಹೆಸರಿನ ಗೊಂದಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಂದರೆ ಸಾಕು, "ಓ, ನಮ್ಮ ಚಿಕ್ಕಮ್ಮನಿಗೂ ಇದೆ, ಕುತ್ತಿಗೆಗೆ ಪಟ್ಟಿ ಹಾಕ್ಕೊಳ್ತಾರೆ" ಅನ್ನುತ್ತಾರೆ. ಚಿಕ್ಕಮ್ಮನದು ಸಾಮಾನ್ಯವಾಗಿ ಸ್ಪಾಂಡಿಲೋಸಿಸ್, ವಯಸ್ಸಿನ ಸವೆತ. ಎರಡರ ಚಿಕಿತ್ಸೆಯೂ ಬೇರೆ. ಅವರ ಮಾತ್ರೆ, ಅವರ ಪಟ್ಟಿ ನಿಮಗೆ ಬೇಡ.

ಬಾಸ್ಡೈ ಅನ್ನುವ ಆರು ಪ್ರಶ್ನೆಗಳ ಪಟ್ಟಿಯನ್ನು ನಾನು ಮೊದಲೇ ಮನೆಯಲ್ಲಿ ತುಂಬಿ ಅಂಕ ಹಾಕಿಕೊಂಡಿದ್ದೆ. ಹತ್ತಕ್ಕೆ 6.4 ಬಂದಿತ್ತು, 4 ದಾಟಿದರೆ ಕಾಯಿಲೆ ಜೋರಾಗಿದೆ ಅಂತ ಲೆಕ್ಕ. ಡಾಕ್ಟರ್ ನಕ್ಕರು. ಅದು ಕಾಯಿಲೆ ಇದೆಯಾ ಅಂತ ಹೇಳುವುದಿಲ್ಲ, ಇದ್ದವರಲ್ಲಿ ಎಷ್ಟಿದೆ ಅಂತ ಅಳೆಯುತ್ತದೆ. ಬೇರೆ ಕಾರಣಕ್ಕೆ ಮೈಕೈ ನೋವು, ಸುಸ್ತು ಇರುವವರಿಗೂ ಅಂಕ ಏರುತ್ತದೆ. ಈಗ ಪ್ರತಿ ಭೇಟಿಯಲ್ಲೂ ಅದನ್ನು ತುಂಬುತ್ತೇನೆ. ಹೋದ ಸಲ 2.8.

ಈಗ ದಿನಾ ವ್ಯಾಯಾಮ, ಜೊತೆಗೆ ಚುಚ್ಚುಮದ್ದು. ನೋವಿನ ಮಾತ್ರೆಗಳು ಸಾಕಾಗದ ಕಾರಣ ಅದನ್ನು ಶುರುಮಾಡಿದರು. ಅದರಿಂದ ಒಳಗೆ ಅಡಗಿರುವ ಕ್ಷಯ ಕೆರಳಬಹುದು ಅಂತ ಮೊದಲು ಕ್ಷಯದ ಪರೀಕ್ಷೆ ಮಾಡಿಸಿದ್ದರು. ಸ್ಕ್ಯಾನ್‌ಗೆ ಮುಂಚೆ ಮಾತ್ರೆ ನಿಲ್ಲಿಸಬೇಕಾ ಬೇಡವಾ ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಏನೇನು ಎಷ್ಟು ನುಂಗುತ್ತಿದ್ದೀರಿ ಅಂತ ಮಾತ್ರ ಮುಚ್ಚಿಡದೆ ಹೇಳಿ. ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಯಿತು, ಬೆಳಗ್ಗೆ ಬೆನ್ನು ಸಡಿಲವಾಗಲು ಎಷ್ಟು ಹೊತ್ತು ಹಿಡಿಯಿತು ಅಂತ ಎರಡು ವಾರ ಬರೆದುಕೊಂಡು ಹೋಗಿ.

ನನ್ನ ಭೇಟಿ ಈಗ ಯಾವಾಗಲೂ ಬೆಳಗ್ಗೆ ಎಂಟೂವರೆಗೆ. ಬಿಸಿನೀರು ಸುರಿದುಕೊಂಡರೆ ಬೆನ್ನು ಸಡಿಲವಾಗಿಬಿಡುತ್ತದೆ. ಹಾಗಾಗಿ ಆವತ್ತು ಸ್ನಾನ, ಮನೆಗೆ ವಾಪಸ್ ಬಂದ ಮೇಲೆ.