ಗೋಡೆ ಒಡೀದೇನೇ ಹೊಸದಾಯ್ತು ಶವರ್ ಟ್ಯಾಪ್

ಬೋರ್ ನೀರಿನ ಉಪ್ಪು ಕಟ್ಟಿ ನಮ್ಮನೆ ಶವರ್ ಹ್ಯಾಂಡಲ್ ಬೆಳ್ಳಗಾಗಿಬಿಟ್ಟಿತ್ತು, ಎಷ್ಟು ಬಿಗಿಯಾಗಿ ತಿರುವಿದ್ರೂ ರಾತ್ರಿಯೆಲ್ಲ ತೊಟ್ ತೊಟ್ ಅಂತ ಸೋರ್ತಾನೇ ಇರೋದು. ಪ್ಲಂಬರ್ ಟೈಲ್ಸ್ ಒಡೀಬೇಕು ಅಂದಿದ್ರು. ಬೆಂಗಳೂರು ಸಿದ್ದಯ್ಯ ರೋಡಲ್ಲಿ ಒಂದು ಅಂಗಡಿಗೆ ಹೋದ್ರೆ ಅಲ್ಲಿನ ಯಜಮಾನ್ರು, ಹಳೇ ಸ್ಪಿಂಡಲ್ (ಹ್ಯಾಂಡಲ್ ಜೊತೆ ತಿರುಗಿ ನೀರು ಬಿಡೋ-ನಿಲ್ಲಿಸೋ ಒಳಗಿನ ಭಾಗ) ಬಿಚ್ಚಿ ತನ್ನಿ ಸರ್, ಒಳಗಿನ ಹಿತ್ತಾಳೆ ಬಾಡಿ ಚೆನ್ನಾಗಿದ್ರೆ ಗೋಡೆ ಮುಟ್ಟೋದೇ ಬೇಡ ಅಂದ್ರು, ತಗೊಂಡ್ ಹೋದ್ಮೇಲೆ ಅದರ ಹಲ್ಲು ಎಣಿಸಿ, ತಿರುಪಿನ ಥ್ರೆಡ್ ಅಳತೆ ನೋಡಿ, ಸರಿಯಾಗಿ ಅದಕ್ಕೇ ಕೂರೋ ಸೆರಾಮಿಕ್ ಡಿಸ್ಕ್ ಸ್ಪಿಂಡಲ್ ಹುಡುಕಿ ಕೊಟ್ರು. ಅಷ್ಟು ತಾಳ್ಮೆಯಿಂದ ಯಾರೂ ನೋಡಲ್ಲ ಈಗ.

ಹ್ಯಾಂಡಲ್, ಫ್ಲೇಂಜ್ (ಹ್ಯಾಂಡಲ್ ಹಿಂದೆ ಗೋಡೆಗೆ ಕೂರೋ ತಟ್ಟೆ) ಎಲ್ಲ ಸೇರಿ 950 ರೂಪಾಯಿ. ಅದಕ್ಕೂ ಮುಂಚೆ ಹಳೇ ಸ್ಪಿಂಡಲ್ ತೆಗೆಯೋಕೆ ಮನೇಲಿ ಟ್ಯಾಂಕ್ ವಾಲ್ವ್ ಬಂದ್ ಮಾಡಿ, ಹ್ಯಾಂಡಲ್ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಿ, ಸ್ಕ್ರೂ ಬಿಚ್ಚಿದ್ದೆ. ಹಳೇ ಹ್ಯಾಂಡಲ್ ಅಲ್ಲಾಡ್ಲೇ ಇಲ್ಲ, ವಿನೆಗರಲ್ಲಿ ನೆನೆಸಿದ ಬಟ್ಟೆ ಒಂದು ಗಂಟೆ ಸುತ್ತಿಟ್ಟ ಮೇಲೆ ಬಂತು. ಹೊಸದು ಅರ್ಧ ಸುತ್ತಿಗೇ ಪೂರ್ತಿ ಬಂದ್ ಆಗುತ್ತೆ, ನಮ್ಮಮ್ಮ ಒಂದೇ ಕೈಲಿ ತಿರುವ್ತಾರೆ, ಅದೇ ನಂಗೆ ದೊಡ್ಡ ಖುಷಿ.

ಒಂದೇ ಬೇಜಾರು, ಫ್ಲೇಂಜ್ ಹಿಂದೆ ನೀರು ತಡೆಯೋ ರಬ್ಬರ್ ಗ್ಯಾಸ್ಕೆಟ್ ಕೊಟ್ಟಿಲ್ಲ. ಸುತ್ತ ಸಿಲಿಕೋನ್ ಸೀಲಂಟ್ ಹಾಕ್ಲೇಬೇಕು, ಇಲ್ಲಾಂದ್ರೆ ಗೋಡೆಯೊಳಗೆ ನೀರು ಇಳಿಯುತ್ತೆ.