ಸೋಮವಾರ ಮಧ್ಯಾಹ್ನ 1ಕ್ಕೆ ಆರ್ಗನ್: ಲಂಡನ್ನಿಗೆ ಹೋಗುವ ಮಲೆನಾಡಿನವರಿಗೆ

ಮಗನ ಮನೆಗೋ ಮಗಳ ಬಾಣಂತನಕ್ಕೋ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಲಂಡನ್ನಿಗೆ ಹೋಗುವವರು ಈಗ ಕಮ್ಮಿಯೇನಿಲ್ಲ. ಅಂಥವರು ಒಂದು ಸೋಮವಾರವನ್ನು ಕಾರ್ನ್‌ಹಿಲ್ ರಸ್ತೆಯ ಸೇಂಟ್ ಮೈಕಲ್ಸ್ ಚರ್ಚಿಗೆ ಎತ್ತಿಡಬೇಕು. ಮಧ್ಯಾಹ್ನ 1ಕ್ಕೆ ಪೈಪ್ ಆರ್ಗನ್ (ಕೊಳವೆಗಳಿಗೆ ಗಾಳಿ ನುಗ್ಗಿಸಿ ನುಡಿಸುವ ದೊಡ್ಡ ವಾದ್ಯ) ಕಛೇರಿ, ಟಿಕೆಟ್ ಇಲ್ಲ, ಒಂದು ಗಂಟೆಯೊಳಗೆ ಮುಗಿಯುತ್ತದೆ. ಹೆರಾಲ್ಡ್ ಡಾರ್ಕ್ ಎಂಬ ಆರ್ಗನ್ ವಾದಕರು 1916ರಲ್ಲಿ ಶುರು ಮಾಡಿದ ಪದ್ಧತಿ ಇದು. ಕೊನೆಯಲ್ಲಿ ಕಾಣಿಕೆ ಕೇಳುತ್ತಾರೆ. ಮಂಗಳಾರತಿ ತಟ್ಟೆಗೆ ಹಾಕಿದ ಹಾಗೆ, ಕೈಲಾದಷ್ಟು.

ಬ್ಯಾಂಕ್ ಎಂಬ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು, ರಾಯಲ್ ಎಕ್ಸ್‌ಚೇಂಜ್ ಕಟ್ಟಡವನ್ನು ಎಡಕ್ಕೆ ಬಿಟ್ಟು ಕಾರ್ನ್‌ಹಿಲ್‌ನಲ್ಲಿ ನಡೆದರೆ ಚರ್ಚು ಬಲಗಡೆ ಸಿಗುತ್ತದೆ. ಇನ್ನೂ ಮುಂದೆ ಹೋದರೆ ಸಿಗುವುದು ಸೇಂಟ್ ಪೀಟರ್ಸ್, ಅದಲ್ಲ. ಹೊರಡುವ ಮುಂಚೆ ಆ ವಾರದ ಕಾರ್ಯಕ್ರಮ ನೋಡಿಕೊಳ್ಳಿ, ಸರ್ಕಾರಿ ರಜೆಯ ಸೋಮವಾರ ಕಛೇರಿ ಇಲ್ಲದಿರಬಹುದು. 12:45ಕ್ಕೆ ಒಳಗಿದ್ದರೆ ನಡುವಿನ ಬೆಂಚು ಸಿಗುತ್ತದೆ. ಕೊಳವೆಗಳ ಹತ್ತಿರ ಕೂತರೆ ಸಣ್ಣ ಕೊಳವೆಗಳ ಚೀರು ಮೇಲಾಗಿ, ಉಳಿದ ಸ್ವರಗಳು ಬೆರೆಯುವುದೇ ಇಲ್ಲ. ಕಲ್ಲುಕಟ್ಟಡ, ಸ್ವೆಟರ್ ಬೇಕು.

ಹಾರ್ಮೋನಿಯಂ ಬಲ್ಲವರಿಗೆ ಅರ್ಧ ಆರ್ಗನ್ ಆಗಲೇ ಗೊತ್ತು. ತಿದಿ ಒತ್ತುವ ಕೆಲಸ ಈಗ ಕರೆಂಟಿನ ಬ್ಲೋವರಿನದು. ಮನೆ, ಅಂದರೆ ಕೀ, ಒತ್ತಿದರೆ ಕೊಳವೆಯ ಬುಡದ ಮುಚ್ಚಳ ತೆರೆದು ಗಾಳಿ ನುಗ್ಗುತ್ತದೆ. ಯಾವ ಸಾಲಿನ ಕೊಳವೆಗೆ ಅನ್ನುವುದನ್ನು ಎಳೆದ ಸ್ಟಾಪ್ ಎಂಬ ಹಿಡಿ ತೀರ್ಮಾನಿಸುತ್ತದೆ. ಸ್ಟಾಪಿನ ಮೇಲೆ 8 ಎಂದು ಬರೆದಿದ್ದರೆ ಒತ್ತಿದ ಮನೆಯ ಸ್ವರವೇ ಕೇಳುತ್ತದೆ. ಆ ಸಾಲಿನ ಅತಿ ತಗ್ಗು ಸ್ವರದ ತೆರೆದ ಕೊಳವೆ ಸುಮಾರು 8 ಅಡಿ ಉದ್ದ. 4 ಎಂದರೆ ಒಂದು ಸ್ಥಾಯಿ ಮೇಲೆ, 16 ಎಂದರೆ ಒಂದು ಸ್ಥಾಯಿ ಕೆಳಗೆ. ಪಾದದಿಂದ ತುಳಿಯುವ ಮನೆಗಳಿಗೆ ಈ 16ರ ಸಾಲು ಸೇರಿದಾಗ ಬೆಂಚಿನ ಮರ ಸಣ್ಣಗೆ ಅದುರುವುದು ಅಂಗೈಗೆ ತಿಳಿಯುತ್ತದೆ. ಇಲ್ಲಿನ ಆರ್ಗನ್ನು ಮೊದಲು ಕಟ್ಟಿದವರು ರೆನಾಟಸ್ ಹ್ಯಾರಿಸ್, 1684ರಲ್ಲಿ. ಆಮೇಲೆ ಹಲವು ಸಲ ಬಿಚ್ಚಿ ಕಟ್ಟಿದ್ದಾರೆ, ಆದರೂ ಹ್ಯಾರಿಸ್ ಕಾಲದ ಕೆಲವು ಕೊಳವೆಗಳು ಇನ್ನೂ ನುಡಿಯುತ್ತಿವೆ.

ಪುಷ್ಯ ಮಳೆಯಲ್ಲಿ ಹಾರ್ಮೋನಿಯಂ ಮನೆ ಕಚ್ಚಿಕೊಂಡು, ಬೆರಳು ತೆಗೆದರೂ ಸ್ವರ ಕೂಗುತ್ತಲೇ ಇರುವುದು ನಮ್ಮಲ್ಲಿ ಮಾಮೂಲು. ಆರ್ಗನ್ನಿಗೂ ಇದೇ ಕಾಯಿಲೆ, ಸೈಫರ್ ಅನ್ನುತ್ತಾರೆ. ಮುಚ್ಚಳದಡಿ ಒಂದು ಚೂರು ಕಸ ಕೂತರೆ ಸಾಕು, ಇಲ್ಲವೇ ಮರ ಉಬ್ಬಿದರೆ. ವಾದಕರು ಆ ಸಾಲಿನ ಸ್ಟಾಪ್ ಒಳಗೆ ತಳ್ಳಿ ಮುಂದುವರಿಯುತ್ತಾರೆ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ: ಸೆಖೆಗೆ ಮಾಮೂಲು ಕೊಳವೆಗಳ ಶ್ರುತಿ ಏರುತ್ತದೆ, ಲೋಹದ ನಾಲಗೆ ಅದುರಿ ಕಹಳೆಯಂತೆ ನುಡಿಯುವ ರೀಡ್ ಕೊಳವೆಗಳದು ಅಷ್ಟಾಗಿ ಏರುವುದಿಲ್ಲ. ಆ ಕಹಳೆಯಂಥ ಸ್ವರ ತುಸು ಇಳಿದ ಹಾಗೆ ಕೇಳಿದರೆ ಅದು ವಾದಕರ ತಪ್ಪಲ್ಲ.

ನಮ್ಮ ಕಿವಿಗೆ ದೊಡ್ಡ ಕೊರತೆ ಗಮಕ. ಇಲ್ಲಿ ಜಾರು ಇಲ್ಲ, ಬೆರಳು ಒತ್ತಿ ಹಿಡಿದರೂ ದನಿ ಏರುವುದಿಲ್ಲ. ತೋಡಿಯ ಗಾಂಧಾರ ತೂಗುವುದನ್ನು ಕೇಳಿ ಬೆಳೆದವರಿಗೆ ಮೊದಲ ಹತ್ತು ನಿಮಿಷ ಬೋಳು ಬೋಳು ಅನಿಸುತ್ತದೆ. ಕಾರ್ಯಕ್ರಮದಲ್ಲಿ ಜರ್ಮನ್ ಸಂಗೀತ ರಚನಕಾರ ಬಾಖ್‌ನ ಫ್ಯೂಗ್ ಎಂಬ ಬಗೆಯ ರಚನೆ ಇರುವ ವಾರವನ್ನೇ ಆರಿಸಿಕೊಂಡು ಹೋಗಿ. ಶುರುವಿನಲ್ಲಿ ಒಂಟಿಯಾಗಿ ಬರುವ ಪುಟ್ಟ ಸ್ವರಸಾಲನ್ನು ಮನಸ್ಸಿನಲ್ಲೇ ಗುನುಗಿ ಹಿಡಿದಿಟ್ಟುಕೊಳ್ಳಿ. ಎರಡನೇ ದನಿಯಲ್ಲಿ, ಮೂರನೆಯದರಲ್ಲಿ, ಅನೇಕ ಸಲ ಕಾಲಿನ ಮನೆಗಳಲ್ಲೂ ಅದೇ ಸಾಲು ತಿರುಗಿ ಬರುತ್ತದೆ. ಅದನ್ನು ಗುರುತು ಹಿಡಿದ ಕ್ಷಣದಿಂದ ಕಛೇರಿ ನಿಮ್ಮದು.

ಮುಗಿದ ಮೇಲೆ ಚರ್ಚಿನ ಪಕ್ಕದ ಸೇಂಟ್ ಮೈಕಲ್ಸ್ ಆಲಿ ಎಂಬ ಓಣಿ ಹೊಕ್ಕು ಬನ್ನಿ. ಲಂಡನ್ನಿನ ಮೊದಲ ಕಾಫಿ ಮನೆ 1652ರಲ್ಲಿ ತೆರೆದದ್ದು ಅಲ್ಲಿಯೇ, ಗೋಡೆಯ ಮೇಲೆ ಫಲಕವಿದೆ. ಈಗ ಆ ಜಾಗದಲ್ಲಿರುವುದು ಜಮೈಕಾ ವೈನ್ ಹೌಸ್ ಎಂಬ ಪಬ್. ಬಾಬಾಬುಡನ್‌ಗಿರಿ ಸೀಮೆಯವರಿಗೆ ಕಾಫಿಯೇ ಬೇಕೆಂದರೆ ಮತ್ತೆ ಬ್ಯಾಂಕ್ ಸ್ಟೇಷನ್ ಕಡೆಗೆ ನಡೆಯಬೇಕು.