ಓಪನ್‌ಬಾಕ್ಸ್‌ಗೆ ಅಪ್ಲಿಕೇಶನ್ ಮೆನು: ದೀರ್ಘ ಬಳಕೆಯ ನಂತರ ಜೆಜಿಮೆನು

ಲಿನಕ್ಸ್‌ನ ಹಗುರ ವಿಂಡೋ ಮ್ಯಾನೇಜರ್ ಓಪನ್‌ಬಾಕ್ಸ್‌ನಲ್ಲಿ ಬಲ ಕ್ಲಿಕ್ ಮಾಡಿದರೆ ಬರುವುದು ಮೆನು.ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದಿಟ್ಟಷ್ಟೇ. ಹೊಸ ಪ್ರೋಗ್ರಾಂ ಹಾಕಿದರೆ ತಾನಾಗಿ ಸೇರದು, ತೆಗೆದದ್ದು ತಾನಾಗಿ ಹೋಗದು. ಮೆನುಮೇಕರ್ ಎಂಬ ಪ್ರೋಗ್ರಾಂ ಒಮ್ಮೆ ಓಡಿಸಿ ಪಟ್ಟಿ ಬರೆಸಿಕೊಳ್ಳಬಹುದು, ಆದರೆ ಫೋರ್ಸ್ ಆಯ್ಕೆ ಕೊಟ್ಟರೆ ನೀವು ಕೈಯಲ್ಲಿ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಓಬಿಮೆನು-ಜನರೇಟರ್ ಪೈಪ್ ಮೆನುವಾಗಿ (ತೆರೆದಾಗ ಸ್ಕ್ರಿಪ್ಟ್ ಓಡಿಸಿ ಪಟ್ಟಿ ತಯಾರಿಸುವ ಮೆನು) ಚೆನ್ನಾಗಿಯೇ ನಡೆಯುತ್ತದೆ, ಅದಕ್ಕೆ ಪರ್ಲ್ ಮಾಡ್ಯೂಲ್‌ಗಳು ಬೇಕು. ಸ್ವಂತ ಪೈಪ್ ಸ್ಕ್ರಿಪ್ಟ್ ಬರೆಯುವವರು ಆಂಪರ್ಸಂಡ್ (&) ಚಿಹ್ನೆಯ ಮೇಲೆ ಕಣ್ಣಿಡಬೇಕು: ಒಂದೇ ಒಂದು ಎಸ್ಕೇಪ್ ಆಗದೆ (ಅಂದರೆ & ಎಂದು ಬರೆಯದೆ) ಉಳಿದರೂ ಎಕ್ಸ್‌ಎಂಎಲ್ ಕೆಟ್ಟು ಆ ಮೆನು ಪೂರ್ತಿ ಖಾಲಿ.

ಜೆಜಿಮೆನು ಎಂಬ ಮೆನು ಪ್ರೋಗ್ರಾಂ ಈ ಗೋಜಿಗೇ ಹೋಗುವುದಿಲ್ಲ. ಪ್ರತಿ ಅಪ್ಲಿಕೇಶನ್‌ನ ಹೆಸರು, ಕಮಾಂಡ್ ಇರುವ ಡೆಸ್ಕ್‌ಟಾಪ್ ಫೈಲ್‌ಗಳನ್ನು ನೇರವಾಗಿ ಓದಿ ತನ್ನದೇ ಕಿಟಕಿಯಲ್ಲಿ ತೋರಿಸುತ್ತದೆ. ಟೈಪ್ ಮಾಡಿದರೆ ಹುಡುಕಿಯೂ ಕೊಡುತ್ತದೆ. ದಿನವೂ ಕೈಗೆ ಬರುವ ಅನುಕೂಲ ಇದೇ.

ಜೋಡಣೆ ಸುಲಭ. ಪ್ಯಾಕೇಜ್ ಹಾಕಿ ‘ಜೆಜಿಮೆನು_ರನ್ ಇನಿಟ್’ ಕೊಟ್ಟರೆ ಜೆಜಿಮೆನುಆರ್‌ಸಿ ಎಂಬ ಸೆಟ್ಟಿಂಗ್ ಫೈಲ್ ಸಿದ್ಧ. ಆಮೇಲೆ ಓಪನ್‌ಬಾಕ್ಸ್‌ನ ಆರ್‌ಸಿ.ಎಕ್ಸ್‌ಎಂಎಲ್‌ನಲ್ಲಿ ‘ರೂಟ್’ ಕಾಂಟೆಕ್ಸ್ಟ್ ಹುಡುಕಿ, ಬಲ ಗುಂಡಿಯ ‘ಶೋಮೆನು’ ಬದಲು ‘ಎಕ್ಸಿಕ್ಯೂಟ್’ ಮೂಲಕ ‘ಜೆಜಿಮೆನು_ರನ್’ ಕೊಡಿ. ಹಳೆಯ ರೂಟ್ ಮೆನುವನ್ನು ಬಿಸಾಡಬೇಡಿ, ಶಿಫ್ಟ್ ಜೊತೆಗಿನ ಬಲ ಕ್ಲಿಕ್‌ಗೆ ಕೊಡಿ. ರೀಕಾನ್ಫಿಗರ್, ಲಾಗ್‌ಔಟ್ ಅಲ್ಲೇ ಇರಲಿ. ಕಡೆಗೆ ಓಪನ್‌ಬಾಕ್ಸ್ ರೀಕಾನ್ಫಿಗರ್ ಮಾಡಿ. ಈಗ ಮೆನು ಬರುತ್ತದೆ, ಆದರೆ ಪರದೆಯ ಮೂಲೆಯಲ್ಲಿ. ಜೆಜಿಮೆನುಆರ್‌ಸಿಯಲ್ಲಿ ಪೊಸಿಷನ್ ಮೋಡ್ ಆರಂಭದಲ್ಲಿ ‘ಫಿಕ್ಸ್‌ಡ್’ ಇರುವುದೇ ಕಾರಣ. ‘ಪಾಯಿಂಟರ್’ ಮಾಡಿದರೆ ಕ್ಲಿಕ್ ಮಾಡಿದಲ್ಲೇ ತೆರೆಯುತ್ತದೆ.

ಹೆಚ್ಚು ಜನ ಎಡವುವುದು ಫ್ಲಾಟ್‌ಪ್ಯಾಕ್ (ಯಾವ ಲಿನಕ್ಸ್‌ನಲ್ಲೂ ನಡೆಯುವ ಅಪ್ಲಿಕೇಶನ್ ಪ್ಯಾಕೇಜ್ ಮಾದರಿ) ವಿಷಯದಲ್ಲಿ. ಆ ಅಪ್ಲಿಕೇಶನ್‌ಗಳ ಡೆಸ್ಕ್‌ಟಾಪ್ ಫೈಲ್‌ಗಳು ಸಾಮಾನ್ಯ ಜಾಗದಲ್ಲಿರುವುದಿಲ್ಲ, ಫ್ಲಾಟ್‌ಪ್ಯಾಕ್‌ನ ‘ಎಕ್ಸ್‌ಪೋರ್ಟ್ಸ್’ ಫೋಲ್ಡರಿನಲ್ಲಿರುತ್ತವೆ. ಎಕ್ಸ್‌ಡಿಜಿ_ಡೇಟಾ_ಡೈರ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಆ ದಾರಿ ಇದ್ದರೆ ಮಾತ್ರ ಮೆನುವಿಗೆ ಕಾಣುತ್ತದೆ. ಲಾಗಿನ್ ಮ್ಯಾನೇಜರ್ ಪ್ರೊಫೈಲ್ ಸ್ಕ್ರಿಪ್ಟ್‌ಗಳನ್ನು ಓದದಿದ್ದರೆ ಅದು ಸೇರಿರುವುದಿಲ್ಲ. ಓಪನ್‌ಬಾಕ್ಸ್ ಫೋಲ್ಡರಿನ ‘ಎನ್ವಿರಾನ್‌ಮೆಂಟ್’ ಫೈಲಿನಲ್ಲಿ ಆ ವೇರಿಯಬಲ್ ಅನ್ನು ಎಕ್ಸ್‌ಪೋರ್ಟ್ ಮಾಡಿ. ಓಪನ್‌ಬಾಕ್ಸ್-ಸೆಷನ್ ಅದನ್ನು ಓದುತ್ತದೆ. ಫ್ಲಾಟ್‌ಪ್ಯಾಕ್ ದಾರಿಯೊಂದನ್ನೇ ಬರೆದು ಯುಎಸ್‌ಆರ್-ಶೇರ್ (/usr/share) ಬಿಟ್ಟರೆ ಮಾಮೂಲಿ ಅಪ್ಲಿಕೇಶನ್‌ಗಳು ಮೆನುವಿನಿಂದ ಮಾಯ. ಎರಡೂ ಇರಬೇಕು, ಮತ್ತು ಲಾಗ್‌ಔಟ್ ಆಗಿ ಬರಬೇಕು.

ಎಚ್‌ಟಾಪ್‌ನಂಥ ಟರ್ಮಿನಲ್ ಪ್ರೋಗ್ರಾಂ ಕ್ಲಿಕ್ ಮಾಡಿದರೆ ಏನೂ ಆಗದಿರುವುದು ಇನ್ನೊಂದು ದೂರು. ಜೆಜಿಮೆನು ಮೊದಲಿಗೆ ‘ಎಕ್ಸ್-ಟರ್ಮಿನಲ್-ಎಮ್ಯುಲೇಟರ್’ ಎಂಬ ಹೆಸರನ್ನು ಕರೆಯುತ್ತದೆ. ಡೆಬಿಯನ್‌ನಲ್ಲಿ ಅದು ಇರುತ್ತದೆ, ಆರ್ಚ್‌ನಲ್ಲಿ ಇರುವುದಿಲ್ಲ. ‘ಟರ್ಮಿನಲ್_ಎಕ್ಸೆಕ್’ ಆಯ್ಕೆಯಲ್ಲಿ ನಿಮ್ಮ ಟರ್ಮಿನಲ್ ಹೆಸರು ಬರೆದರೆ ಮುಗಿಯಿತು.

ಕನ್ನಡ ಲೊಕೇಲ್ (ಸಿಸ್ಟಂನ ಭಾಷಾ ಸೆಟ್ಟಿಂಗ್) ಬಳಸುವವರಿಗೆ ಒಂದು ಮಾತು. ಡೆಸ್ಕ್‌ಟಾಪ್ ಫೈಲಿನಲ್ಲಿ ಕನ್ನಡ ಹೆಸರಿದ್ದರೆ ಮೆನುವಿನಲ್ಲಿ ಅದೇ ಬರುತ್ತದೆ, ಇಲ್ಲದಿದ್ದಲ್ಲಿ ಇಂಗ್ಲಿಷ್. ಹಾಗಾಗಿ ಪಟ್ಟಿ ಎರಡರ ಬೆರಕೆ. ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಬಳಸುವುದರಿಂದ ಅಕ್ಷರಗಳು ಸರಿಯಾಗಿ ಕೂಡುತ್ತವೆ, ಫಾಂಟ್ ಮಾತ್ರ ಇರಲೇಬೇಕು: ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ. ಸಾಲಿನ ಎತ್ತರ ಆರಂಭದಲ್ಲಿ 25 ಪಿಕ್ಸೆಲ್. ಒತ್ತಕ್ಷರಗಳಿಗೆ ಇದು ಇಕ್ಕಟ್ಟು, 32 ಮಾಡಿದರೆ ‘ಸ್ಪ್ರೆಡ್‌ಶೀಟ್’ ಕೂಡ ಆರಾಮವಾಗಿ ಕೂರುತ್ತದೆ.

ಸ್ವಂತ ಸಾಲುಗಳನ್ನು ಪ್ರಿಪೆಂಡ್.ಸಿಎಸ್‌ವಿ, ಅಪೆಂಡ್.ಸಿಎಸ್‌ವಿ ಫೈಲ್‌ಗಳಲ್ಲಿ ಬರೆಯಬಹುದು. ಕಮಾಂಡ್‌ನೊಳಗೇ ಅಲ್ಪವಿರಾಮ ಇದ್ದರೆ ಅದರ ಎರಡೂ ಬದಿಯಲ್ಲಿ ಮೂರು ಮೂರು ಜೋಡಿ ಉದ್ಧರಣ ಚಿಹ್ನೆ (""") ಇಡಿ, ಇಲ್ಲದಿದ್ದರೆ ಸಾಲು ಅರ್ಧಕ್ಕೆ ತುಂಡಾಗುತ್ತದೆ. ‘ಸ್ಟೇ_ಅಲೈವ್’ ಚಾಲೂ ಇದ್ದಾಗ ಜೆಜಿಮೆನು ಮೆಮೊರಿಯಲ್ಲೇ ಅಡಗಿರುತ್ತದೆ, ಅದಕ್ಕೇ ಅಷ್ಟು ಚುರುಕು. ಹೊಸದಾಗಿ ಹಾಕಿದ್ದು ಕಾಣದಿದ್ದರೆ ಪಿಕಿಲ್ ಕಮಾಂಡ್‌ನಿಂದ ಜೆಜಿಮೆನುವನ್ನು ನಿಲ್ಲಿಸಿ ಮತ್ತೆ ತೆರೆಯಿರಿ.

ಇದು ಲಿನಕ್ಸ್‌ನ ಹಳೆಯ ಪರದೆ ವ್ಯವಸ್ಥೆ ಎಕ್ಸ್11ಕ್ಕೆ ಬರೆದ ಸಾಧನ, ಓಪನ್‌ಬಾಕ್ಸ್ ಕೂಡ ಹಾಗೆಯೇ, ಅದರ 3.6.1 ಆವೃತ್ತಿ ಬಂದದ್ದು 2015ರಲ್ಲಿ. ಅದರ ಬದಲಿಗೆ ಬಂದ ವೇಲ್ಯಾಂಡ್‌ಗೆ ಹೋಗುವವರು ಲ್ಯಾಬ್‌ಡಬ್ಲ್ಯೂಸಿ ಎಂಬ ವಿಂಡೋ ವ್ಯವಸ್ಥೆ ನೋಡಿ. ಅದು ಓಪನ್‌ಬಾಕ್ಸ್ ಮಾದರಿಯ ಮೆನು.ಎಕ್ಸ್‌ಎಂಎಲ್ ಅನ್ನೇ ಓದುತ್ತದೆ, ಹಾಗಾಗಿ ಹಳೆಯ ಫೈಲಿನ ಒಂದು ಪ್ರತಿ ಇಟ್ಟುಕೊಳ್ಳಿ.